ಚಳಿಗೆ ಬಿಗಿಯುವ ಗೇರು: ಎಣ್ಣೆಯ ಡಬ್ಬಿ ಹೇಳುವುದು, ಹೇಳದೆ ಬಿಡುವುದು

ಹೊರಗಿನ ಉಷ್ಣತೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿಯುವ ನಾಡುಗಳಲ್ಲಿ, ರಾತ್ರಿಯಿಡೀ ಬಯಲಲ್ಲಿ ನಿಂತ ಮ್ಯಾನುಯಲ್ ಕಾರಿನ ಗೇರ್ ಲಿವರ್ ಬೆಳಿಗ್ಗೆ ಮೊದಲ ಕೆಲವು ಕಿಲೋಮೀಟರ್ ಬಿಗಿಯಾಗಿರುವುದು, ಎರಡನೆಯ ಗೇರಿಗೆ ಹೋಗಲು ಹಟ ಮಾಡುವುದು, ಬಲವಂತ ಮಾಡಿದರೆ ಕರಕರ ಸದ್ದು ಮಾಡುವುದು ಎಲ್ಲ ಚಾಲಕರ ಅನುಭವಕ್ಕೂ ಬರುವ ಸಂಗತಿ. ಗೇರ್‌ಬಾಕ್ಸ್‌ನ ಎಣ್ಣೆ ಚಳಿಗೆ ಗಟ್ಟಿಯಾಗಿದೆ, ತೆಳು ಎಣ್ಣೆ ಹಾಕಿದರೆ ಸರಿಹೋಗುತ್ತದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಆ ಮಾತಿನಲ್ಲಿ ಸತ್ಯವಿದ್ದರೂ ಅದು ಪೂರ್ತಿ ಸತ್ಯವಲ್ಲ. ಗೇರ್ ಎಣ್ಣೆಯ ಡಬ್ಬಿಯ ಮೇಲೆ ಅಚ್ಚಾಗಿರುವ ಚಳಿಯ ಅಂಕಿಯನ್ನು ಗೇರ್ ಹಗುರವಾಗಿ ಬೀಳುತ್ತದೆಯೇ ಎಂಬ ಪ್ರಶ್ನೆಗೆ ಉತ್ತರವಾಗಿ ರೂಪಿಸಲಾಗಿಲ್ಲ, ಬೇರೊಂದು ಯಂತ್ರಭಾಗದ ಉಳಿವಿಗಾಗಿ ರೂಪಿಸಲಾಗಿದೆ; ಹಾಗಾಗಿ ಆ ಅಂಕಿಯೊಂದನ್ನೇ ನಂಬಿ ಎಣ್ಣೆ ಕೊಂಡವರು ಹಣ ತೆತ್ತೂ ಅದೇ ಬಿಗಿತವನ್ನು ಅನುಭವಿಸುವುದುಂಟು, ಕೆಲವೊಮ್ಮೆ ಗೇರ್‌ಬಾಕ್ಸನ್ನೇ ಸವೆಸಿಕೊಳ್ಳುವುದೂ ಉಂಟು.

ಇಂದಿನ ಮ್ಯಾನುಯಲ್ ಗೇರ್‌ಬಾಕ್ಸ್‌ನಲ್ಲಿ ಮುಂದಕ್ಕೆ ಚಲಿಸುವ ಗೇರ್‌ಗಳ ಹಲ್ಲುಗಳೆಲ್ಲ ಯಾವಾಗಲೂ ಒಂದಕ್ಕೊಂದು ಕಚ್ಚಿಕೊಂಡೇ ತಿರುಗುತ್ತಿರುತ್ತವೆ, ಆದರೆ ಪ್ರತಿ ಜೋಡಿಯಲ್ಲೂ ಒಂದು ಗೇರ್ ತನ್ನ ಶಾಫ್ಟ್‌ನ ಮೇಲೆ ಸಡಿಲವಾಗಿ ತಿರುಗುವಂತೆ ಇರುತ್ತದೆ. ಚಾಲಕ ಲಿವರನ್ನು ತಳ್ಳಿದಾಗ ಶಾಫ್ಟ್‌ನೊಂದಿಗೆ ತಿರುಗುವ ಸ್ಲೀವ್ ಎಂಬ ಬಳೆಯಾಕಾರದ ಭಾಗ ಜರುಗಿ, ಸಡಿಲ ಗೇರಿನ ಪಕ್ಕದಲ್ಲಿರುವ ಸಣ್ಣ ಹಲ್ಲುಗಳ ಸಾಲನ್ನು ಕಚ್ಚಿ, ಅದನ್ನು ಶಾಫ್ಟ್‌ಗೆ ಬಂಧಿಸುತ್ತದೆ. ಸ್ಲೀವ್ ಒಂದು ವೇಗದಲ್ಲಿ, ಗೇರ್ ಇನ್ನೊಂದು ವೇಗದಲ್ಲಿ ತಿರುಗುತ್ತಿದ್ದರೆ ಹಲ್ಲುಗಳು ಸೇರದೆ ತಿಕ್ಕಾಡುತ್ತವೆ. ಎರಡರ ವೇಗವನ್ನೂ ಸರಿದೂಗಿಸುವ ಕೆಲಸ ಹಿಂದೆ ಚಾಲಕನ ಕೌಶಲಕ್ಕೆ ಬಿಟ್ಟದ್ದಾಗಿತ್ತು. ಅಮೆರಿಕದ ಅರ್ಲ್ ಥಾಮ್ಸನ್ ಎಂಬ ತಂತ್ರಜ್ಞ ರೂಪಿಸಿದ ಸಿಂಕ್ರೊಮೆಶ್ ವ್ಯವಸ್ಥೆಯನ್ನು ಕ್ಯಾಡಿಲಾಕ್ ಕಂಪನಿ 1928ರಲ್ಲಿ, 1929ರ ಮಾದರಿಯ ಕಾರುಗಳಿಗಾಗಿ ಅಳವಡಿಸಿದ ಮೇಲೆ ಆ ಹೊಣೆ ಯಂತ್ರದ ಪಾಲಿಗೆ ಬಂತು.

ಸಿಂಕ್ರೊಮೆಶ್‌ನ ಜೀವವಿರುವುದು ಸಿಂಕ್ರೊ ರಿಂಗ್ ಎಂಬ ಬಳೆಯಲ್ಲಿ. ಸಾಮಾನ್ಯವಾಗಿ ಹಿತ್ತಾಳೆ ಅಥವಾ ಕಂಚಿನ ಜಾತಿಯ ತಾಮ್ರದ ಮಿಶ್ರಲೋಹದಿಂದ ಮಾಡಿದ ಈ ಬಳೆಯ ಒಳಮೈ ಶಂಕುವಿನಾಕಾರದಲ್ಲಿದ್ದು, ಗೇರಿನ ಪಕ್ಕದಲ್ಲಿರುವ ಉಕ್ಕಿನ ಶಂಕುವಿನ ಮೇಲೆ ಅದು ಟೊಪ್ಪಿಗೆಯಂತೆ ಕೂರುತ್ತದೆ. ಸ್ಲೀವ್ ಜರುಗಲಾರಂಭಿಸಿದಾಗ ಮೊದಲು ಈ ಬಳೆಯನ್ನು ಶಂಕುವಿಗೆ ಒತ್ತುತ್ತದೆ, ಆ ಒತ್ತಡದಿಂದ ಹುಟ್ಟುವ ಘರ್ಷಣೆ ಗೇರಿನ ವೇಗವನ್ನು ಏರಿಸಿಯೋ ಇಳಿಸಿಯೋ ಶಾಫ್ಟ್‌ನ ವೇಗಕ್ಕೆ ತರುತ್ತದೆ, ಅಲ್ಲಿಯವರೆಗೆ ಅದೇ ಘರ್ಷಣೆಯಿಂದ ಕೊಂಚ ಹೊರಳಿ ನಿಂತ ಬಳೆಯ ಹೊರಹಲ್ಲುಗಳು ಸ್ಲೀವ್‌ಗೆ ಅಡ್ಡವಾಗಿ ನಿಂತು ಅದನ್ನು ಮುಂದೆ ಬಿಡುವುದಿಲ್ಲ. ವೇಗಗಳು ಸಮವಾದ ಕ್ಷಣದಲ್ಲಿ ಆ ಅಡ್ಡಿ ಸಡಿಲಗೊಂಡು ಸ್ಲೀವ್ ನುಣುಪಾಗಿ ಒಳಸೇರುತ್ತದೆ. ಚಾಲಕನ ಕೈಗೆ ಒಂದು ಕ್ಷಣದ ತಡೆಯಾಗಿ, ಅನಂತರ ಹಗುರವಾದ ಜಾರುವಿಕೆಯಾಗಿ ತಿಳಿಯುವುದು ಇದೇ ಕ್ರಿಯೆ.

ಇಲ್ಲಿ ಎಣ್ಣೆಯ ಮುಂದೆ ಒಂದಕ್ಕೊಂದು ವಿರುದ್ಧವಾದ ಎರಡು ಬೇಡಿಕೆಗಳು ನಿಲ್ಲುತ್ತವೆ, ಗೇರ್ ಎಣ್ಣೆಯ ಆಯ್ಕೆಯ ಕಷ್ಟವೆಲ್ಲ ಹುಟ್ಟುವುದೂ ಇಲ್ಲಿಯೇ. ಭಾರ ಹೊತ್ತು ಒಂದರ ಮೇಲೊಂದು ಉರುಳುವ ಗೇರ್ ಹಲ್ಲುಗಳ ನಡುವೆ, ಲೋಹಕ್ಕೆ ಲೋಹ ತಾಗದಂತೆ, ಎಣ್ಣೆಯ ಪದರ ಒಡೆಯದೆ ನಿಲ್ಲಬೇಕು. ಆದರೆ ಸಿಂಕ್ರೊ ರಿಂಗ್ ಮತ್ತು ಶಂಕುವಿನ ನಡುವೆ ಅದೇ ಪದರ ಕ್ಷಣಾರ್ಧದಲ್ಲಿ ಒಡೆದು ಹರಿದುಹೋಗಿ ಘರ್ಷಣೆಗೆ ಎಡೆಮಾಡಿಕೊಡಬೇಕು. ಬಳೆಯ ಒಳಮೈಯಲ್ಲಿ ಕೊರೆದಿರುವ ಸಣ್ಣ ಸಣ್ಣ ಗೀರುಗಳು ಇರುವುದು ಎಣ್ಣೆಯನ್ನು ಹಿಂಡಿ ಹೊರಹಾಕುವುದಕ್ಕಾಗಿ. ಹಲ್ಲನ್ನು ಎಷ್ಟು ಚೆನ್ನಾಗಿ ಕಾಯುತ್ತದೆ ಎಂಬುದೊಂದರಿಂದಲೇ ಗೇರ್‌ಬಾಕ್ಸ್ ಎಣ್ಣೆಯನ್ನು ಅಳೆಯಬಾರದು. ಬೇಕಾದ ಕಡೆ ಜಾಗ ಬಿಟ್ಟುಕೊಡುವ ಗುಣವೂ ಅದಕ್ಕಿರಬೇಕು.

ಚಳಿ ಈ ಸಮತೋಲವನ್ನು ಎರಡು ದಾರಿಗಳಿಂದ ಕೆಡಿಸುತ್ತದೆ. ದ್ರವವೊಂದು ಹರಿಯಲು ತೋರುವ ಒಳಗಿನ ತಡೆಗೆ ಸ್ನಿಗ್ಧತೆ ಎಂದು ಹೆಸರು. ಎಣ್ಣೆ ತಣಿದಂತೆಲ್ಲ ಅದರ ಸ್ನಿಗ್ಧತೆ ಏರುತ್ತದೆ, ಆ ಏರಿಕೆ ಬರಬರುತ್ತ ಕಡಿದಾಗುತ್ತದೆ. ಮೊದಲನೆಯದಾಗಿ, ಗಟ್ಟಿಯಾದ ಎಣ್ಣೆ ರಿಂಗಿನ ಗೀರುಗಳಿಂದ ಬೇಗ ಹೊರಹೋಗದೆ, ಬಳೆ ಶಂಕುವಿನ ಮೇಲೆ ಕಚ್ಚದೆ ತೇಲುತ್ತದೆ, ಘರ್ಷಣೆ ಹುಟ್ಟುವುದು ತಡವಾಗುತ್ತದೆ, ಅಡ್ಡಿ ನಿಲ್ಲಬೇಕಾದ ಹಲ್ಲುಗಳು ನಿಲ್ಲದೆ ಸ್ಲೀವ್ ವೇಗ ಕೂಡುವ ಮುನ್ನವೇ ನುಗ್ಗಿ ಕರಕರ ಸದ್ದಾಗುತ್ತದೆ. ಎರಡನೆಯದಾಗಿ, ಗೇರ್‌ಗಳು ಮುಳುಗಿ ತಿರುಗುವ ಎಣ್ಣೆಯೇ ಬ್ರೇಕಿನಂತೆ ವರ್ತಿಸಿ ಸಡಿಲ ಗೇರನ್ನು ಹಿಡಿದೆಳೆಯುತ್ತದೆ.

ಈ ಎಳೆತದ ಪರಿಣಾಮ ಮೇಲಿನ ಗೇರಿಗೆ ಹೋಗುವಾಗ ಒಂದು ಬಗೆ, ಕೆಳಗಿನ ಗೇರಿಗೆ ಬರುವಾಗ ಇನ್ನೊಂದು ಬಗೆ. ಮೂರರಿಂದ ಎರಡಕ್ಕೆ ಇಳಿಸುವಾಗ ಎರಡನೆಯ ಗೇರ್ ಈಗಿರುವುದಕ್ಕಿಂತ ವೇಗವಾಗಿ ತಿರುಗಬೇಕು, ಅದರ ಜೊತೆಗೆ ಕ್ಲಚ್ ಫಲಕವನ್ನೂ ಒಳಗಿನ ಶಾಫ್ಟ್‌ಗಳನ್ನೂ ಪುಟ್ಟ ರಿಂಗೊಂದೇ ಎಳೆದೊಯ್ಯಬೇಕು; ಗಟ್ಟಿ ಎಣ್ಣೆ ಅದಕ್ಕೆ ನೇರ ಎದುರಾಳಿ. ಒಂದರಿಂದ ಎರಡಕ್ಕೆ ಏರಿಸುವಾಗ ಗೇರ್ ನಿಧಾನವಾಗಬೇಕಾದ್ದರಿಂದ ಎಣ್ಣೆಯ ಎಳೆತ ನೆರವಿಗೇ ಬರಬೇಕು ಎಂದೆನಿಸುತ್ತದೆ, ಆದರೆ ಚಾಲಕ ನ್ಯೂಟ್ರಲ್‌ನಲ್ಲಿ ತುಸು ತಡೆದರೂ ಸಾಕು, ಗೇರ್ ಬೇಕಾದ ವೇಗವನ್ನು ದಾಟಿ ಇನ್ನೂ ಕೆಳಗಿಳಿದು, ರಿಂಗ್ ಅದನ್ನು ಮತ್ತೆ ಮೇಲೆತ್ತಬೇಕಾದ ಸ್ಥಿತಿ ಬರುತ್ತದೆ. ಎರಡನೆಯ ಗೇರಿನ ಬಗ್ಗೆಯೇ ದೂರು ಹೆಚ್ಚಾಗಿ ಕೇಳಿಬರುವುದಕ್ಕೂ ಕಾರಣವಿದೆ: ಒಂದು ಮತ್ತು ಎರಡರ ನಡುವಿನ ವೇಗದ ಅಂತರ ಬೇರೆ ಪಕ್ಕದ ಗೇರ್‌ಗಳ ನಡುವಿನದಕ್ಕಿಂತ ಸಾಮಾನ್ಯವಾಗಿ ದೊಡ್ಡದು, ಆ ರಿಂಗಿನ ಹೊಣೆಯೂ ಅಷ್ಟೇ ದೊಡ್ಡದು.

ಎಣ್ಣೆಯ ಡಬ್ಬಿಯ ಮೇಲಿರುವ 75ಡಬ್ಲ್ಯು-90, 80ಡಬ್ಲ್ಯು-90, 85ಡಬ್ಲ್ಯು-140 ಎಂಬ ಗುರುತುಗಳು ಅಮೆರಿಕದ ವಾಹನ ತಂತ್ರಜ್ಞರ ಸಂಘವಾದ ಎಸ್‌ಎಇಯ ಜೆ306 ಎಂಬ ಮಾನದಂಡದಿಂದ ಬಂದವು. ಎಂಜಿನ್ ಎಣ್ಣೆಯ ಅಂಕಿಗಳನ್ನು ನಿಗದಿಪಡಿಸುವ ಜೆ300 ಬೇರೆಯೇ ಮಾನದಂಡವಾದ್ದರಿಂದ ಇವೆರಡನ್ನು ಹೋಲಿಸುವುದು ತಪ್ಪು. 90 ಎಂದು ಕರೆಸಿಕೊಳ್ಳುವ ಗೇರ್ ಎಣ್ಣೆ ಬಿಸಿಯಲ್ಲಿ ಹೆಚ್ಚುಕಡಿಮೆ 40 ಅಥವಾ 50 ಎನ್ನುವ ಎಂಜಿನ್ ಎಣ್ಣೆಯಷ್ಟೇ ಗಟ್ಟಿ. ಜೆ306ರಲ್ಲಿ ಎರಡನೆಯ ಅಂಕಿ 100 ಡಿಗ್ರಿ ಸೆಲ್ಷಿಯಸ್‌ನಲ್ಲಿರುವ ಸ್ನಿಗ್ಧತೆಯನ್ನು ಹೇಳುತ್ತದೆ: 80 ಎಂದರೆ 8.5ರಿಂದ 11 ಸೆಂಟಿಸ್ಟೋಕ್, 85 ಎಂದರೆ 11ರಿಂದ 13.5, 90 ಎಂದರೆ 13.5ರಿಂದ 18.5, 140 ಎಂದರೆ 24ರಿಂದ 32.5. ಸೆಂಟಿಸ್ಟೋಕ್ ಎಂಬುದು ದ್ರವ ತನ್ನ ಭಾರದಿಂದಲೇ ಹರಿಯುವ ಬಗೆಯನ್ನು ಅಳೆಯುವ ಮಾನ. ಡಬ್ಲ್ಯು ಅಕ್ಷರದೊಂದಿಗಿನ ಮೊದಲ ಅಂಕಿ ಚಳಿಗಾಲದ್ದು. ಎಣ್ಣೆಯ ಸ್ನಿಗ್ಧತೆ 1,50,000 ಸೆಂಟಿಪಾಯ್ಸ್ ಮುಟ್ಟದೆ ಇರಬಹುದಾದ ಅತಿ ಕೆಳಗಿನ ಉಷ್ಣತೆ ಯಾವುದು ಎಂಬುದನ್ನು ಅದು ತಿಳಿಸುತ್ತದೆ. 85ಡಬ್ಲ್ಯುಗೆ ಅದು ಮೈನಸ್ 12 ಡಿಗ್ರಿ, 80ಡಬ್ಲ್ಯುಗೆ ಮೈನಸ್ 26, 75ಡಬ್ಲ್ಯುಗೆ ಮೈನಸ್ 40, 70ಡಬ್ಲ್ಯುಗೆ ಮೈನಸ್ 55. ಕೋಣೆಯ ಉಷ್ಣತೆಯಲ್ಲಿ ನೀರಿನ ಸ್ನಿಗ್ಧತೆ ಸುಮಾರು ಒಂದು ಸೆಂಟಿಪಾಯ್ಸ್ ಎಂಬುದನ್ನು ನೆನೆದರೆ ಒಂದೂವರೆ ಲಕ್ಷದ ಗಾತ್ರ ಮನಸ್ಸಿಗೆ ಬರುತ್ತದೆ.

ಈ ಒಂದೂವರೆ ಲಕ್ಷ ಎಲ್ಲಿಂದ ಬಂತು ಎಂಬುದನ್ನು ಎಣ್ಣೆ ಕೊಳ್ಳುವ ಪ್ರತಿಯೊಬ್ಬರೂ ತಿಳಿದಿರಬೇಕು. ಹಿಂದಿನ ಚಕ್ರಗಳಿಗೆ ಶಕ್ತಿ ಸಾಗಿಸುವ ಆಕ್ಸಲ್‌ನೊಳಗೆ ಪಿನಿಯನ್ ಎಂಬ ಸಣ್ಣ ಗೇರನ್ನು ಹೊತ್ತ ಬೇರಿಂಗ್‌ಗಳಿರುತ್ತವೆ. ನಿರ್ದಿಷ್ಟ ವಿನ್ಯಾಸದ ಆಕ್ಸಲ್ ಒಂದರ ಮೇಲೆ ಪರೀಕ್ಷೆಗಳನ್ನು ನಡೆಸಿದಾಗ, ಎಣ್ಣೆ ಅದಕ್ಕಿಂತ ಗಟ್ಟಿಯಾದರೆ ಬೇರಿಂಗ್‌ಗೆ ಸಾಕಷ್ಟು ಎಣ್ಣೆ ಹರಿಯದೆ ಅದು ಕೆಡುತ್ತದೆ ಎಂದು ಕಂಡುಬಂದದ್ದರಿಂದ ಆ ಎಲ್ಲೆಯನ್ನು ಹಾಕಲಾಯಿತು. ಅಂದರೆ ಡಬ್ಲ್ಯು ಅಂಕಿ ಕೊಡುವ ಭರವಸೆ ಆಕ್ಸಲ್‌ನ ಬೇರಿಂಗ್ ಉಳಿಯುತ್ತದೆ ಎಂಬುದಷ್ಟೇ, ಸಿಂಕ್ರೊ ರಿಂಗಿನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಚಳಿಯಲ್ಲಿ ಗೇರ್ ಸಲೀಸಾಗಿ ಬೀಳಬೇಕಾದರೆ ಸ್ನಿಗ್ಧತೆ 20,000 ಸೆಂಟಿಪಾಯ್ಸ್ ಮೀರಬಾರದು ಎಂದು ಅನೇಕ ಮ್ಯಾನುಯಲ್ ಗೇರ್‌ಬಾಕ್ಸ್ ತಯಾರಕರು ವಿಧಿಸುತ್ತಾರೆ, ಆ ಮಾತನ್ನು ಮಾನದಂಡವೇ ಗುರುತಿಸಿದೆ. ಎರಡು ಎಲ್ಲೆಗಳ ನಡುವೆ ಏಳೂವರೆ ಪಟ್ಟು ಅಂತರವಿದೆ. 80ಡಬ್ಲ್ಯು ಎಣ್ಣೆ ಮೈನಸ್ 26ರವರೆಗೆ ಸಾಕು ಎಂದು ನಂಬಿದವರಿಗೆ ಅದಕ್ಕೆ ಬಹಳ ಮೊದಲೇ ಲಿವರ್ ಬಿಗಿಯತೊಡಗುವುದು ಈ ಕಾರಣಕ್ಕೆ. ಎಣ್ಣೆ ತನ್ನ ಮಾತನ್ನು ಉಳಿಸಿಕೊಂಡಿದೆ, ಆದರೆ ಅದು ಆಡಿದ ಮಾತೇ ಬೇರೆ.

ಆದ್ದರಿಂದ ಡಬ್ಬಿಯ ಮುಖಕ್ಕಿಂತ ತಯಾರಕರು ಪ್ರಕಟಿಸುವ ತಾಂತ್ರಿಕ ವಿವರಪತ್ರ ಹೆಚ್ಚು ಉಪಯುಕ್ತ. ಅದರಲ್ಲಿ ಬ್ರೂಕ್‌ಫೀಲ್ಡ್ ಸ್ನಿಗ್ಧತೆ ಎಂಬ ಸಾಲನ್ನು ಹುಡುಕಬೇಕು. ತಣ್ಣಗೆ ಮಾಡಿದ ಎಣ್ಣೆಯಲ್ಲಿ ಲೋಹದ ಕಡ್ಡಿಯೊಂದನ್ನು ನಿಧಾನವಾಗಿ ತಿರುಗಿಸಿ, ಅದಕ್ಕೆ ಬೇಕಾದ ಬಲದಿಂದ ಸ್ನಿಗ್ಧತೆಯನ್ನು ಕಂಡುಹಿಡಿಯುವ ಪರೀಕ್ಷೆಯ ಫಲಿತಾಂಶ ಅದು. ಮೈನಸ್ 40ರಲ್ಲಿ ಒಂದು 75ಡಬ್ಲ್ಯು-90 ಎಣ್ಣೆ 50,000 ತೋರಿಸಬಹುದು, ಇನ್ನೊಂದು 1,40,000 ತೋರಿಸಬಹುದು, ಎರಡಕ್ಕೂ 75ಡಬ್ಲ್ಯು ಎಂದು ಕರೆಸಿಕೊಳ್ಳುವ ಹಕ್ಕಿದೆ. ಈ ಸಾಲು ಇಲ್ಲದ ಪತ್ರಗಳಲ್ಲಿ 40 ಡಿಗ್ರಿಯ ಸ್ನಿಗ್ಧತೆ ಮತ್ತು ಸ್ನಿಗ್ಧತಾ ಸೂಚ್ಯಂಕ ಇವೆರಡರಿಂದ ಅಂದಾಜು ಮಾಡಬಹುದು. ಉಷ್ಣತೆ ಬದಲಾದಾಗ ಎಣ್ಣೆಯ ಸ್ನಿಗ್ಧತೆ ಎಷ್ಟು ಕಡಿಮೆ ಬದಲಾಗುತ್ತದೋ ಅಷ್ಟು ಹೆಚ್ಚಿನ ಸೂಚ್ಯಂಕ. 1929ರಲ್ಲಿ ಡೀನ್ ಮತ್ತು ಡೇವಿಸ್ ಎಂಬಿಬ್ಬರು ಪೆನ್ಸಿಲ್ವೇನಿಯಾದ ಕಚ್ಚಾತೈಲದಿಂದ ಬಂದ ಎಣ್ಣೆಗೆ 100, ಮೆಕ್ಸಿಕೊ ಕೊಲ್ಲಿ ತೀರದ ಎಣ್ಣೆಗೆ ಸೊನ್ನೆ ಎಂದು ಇಟ್ಟುಕೊಂಡು ರೂಪಿಸಿದ ಈ ಅಳತೆಗೋಲು ಇಂದಿಗೂ ಬಳಕೆಯಲ್ಲಿದೆ. ಖನಿಜ ಮೂಲದ ಸಾಮಾನ್ಯ 80ಡಬ್ಲ್ಯು-90 ಎಣ್ಣೆ ಸುಮಾರು 100ರ ಆಸುಪಾಸಿನಲ್ಲಿದ್ದರೆ, ಒಳ್ಳೆಯ ಸಿಂಥೆಟಿಕ್ 75ಡಬ್ಲ್ಯು-90 ಎಣ್ಣೆ 150ರ ಹತ್ತಿರ ಇರುತ್ತದೆ; 100 ಡಿಗ್ರಿಯಲ್ಲಿ ಎರಡೂ ಸುಮಾರು 15 ಸೆಂಟಿಸ್ಟೋಕ್ ತೋರಿದರೂ 40 ಡಿಗ್ರಿಗೆ ಬರುವಷ್ಟರಲ್ಲಿ ಮೊದಲನೆಯದು 140-150ಕ್ಕೂ ಎರಡನೆಯದು 100-110ಕ್ಕೂ ಏರಿರುತ್ತವೆ, ಸೊನ್ನೆಯ ಕೆಳಗೆ ಈ ಅಂತರ ಇನ್ನೂ ಹಿಗ್ಗುತ್ತದೆ.

ಸೊನ್ನೆಯ ಕೆಳಗೆ ಅಂತರ ಹಿಗ್ಗಲು ಒಂದು ಮುಖ್ಯ ಕಾರಣ ಮೇಣ. ಕಚ್ಚಾತೈಲದಿಂದ ಬಟ್ಟಿ ಇಳಿಸಿದ ಮೂಲ ಎಣ್ಣೆಯಲ್ಲಿ ಉದ್ದನೆಯ ಸರಪಳಿಯ ಅಣುಗಳು ಸ್ವಲ್ಪವಾದರೂ ಉಳಿದಿರುತ್ತವೆ, ಚಳಿ ಏರಿದಂತೆ ಅವು ಹರಳುಗಟ್ಟಿ ಬಲೆಯಂತೆ ಹೆಣೆದುಕೊಂಡು ಉಳಿದ ದ್ರವವನ್ನು ಹಿಡಿದಿಡುತ್ತವೆ. ಡಿಸೆಂಬರಿನ ಬೆಳಿಗ್ಗೆ ಬಾಟಲಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಕಂಡವರಿಗೆ ಇದರ ಬಗೆ ಸುಲಭವಾಗಿ ತಿಳಿಯುತ್ತದೆ, ಗೇರ್ ಎಣ್ಣೆಯಲ್ಲಿ ಅದೇ ಕ್ರಿಯೆ ಬಹಳ ಕೆಳಗಿನ ಉಷ್ಣತೆಯಲ್ಲಿ ನಡೆಯುತ್ತದೆ ಎಂಬುದಷ್ಟೇ ವ್ಯತ್ಯಾಸ. ಪಿಎಒ ಎಂದು ಕರೆಯುವ, ರಸಾಯನಶಾಲೆಯಲ್ಲಿ ಕಟ್ಟಿದ ಮೂಲ ಎಣ್ಣೆಯಲ್ಲಿ ಮೇಣವೇ ಇರುವುದಿಲ್ಲವಾದ್ದರಿಂದ ಅದು ಚಳಿಗೆ ಸಹಜವಾಗಿಯೇ ಹೊಂದುತ್ತದೆ. ಖನಿಜ ಎಣ್ಣೆಗೆ ಪಾಲಿಮರ್‌ಗಳನ್ನು ಬೆರೆಸಿಯೂ ಸೂಚ್ಯಂಕವನ್ನು ಎತ್ತಬಹುದು, ಆದರೆ ಗೇರ್ ಹಲ್ಲುಗಳ ನಡುವೆ ಸಿಕ್ಕಿದ ಆ ಉದ್ದ ಅಣುಗಳು ಕಾಲಕ್ರಮದಲ್ಲಿ ತುಂಡಾಗಿ ಎಣ್ಣೆ ತೆಳುವಾಗುತ್ತ ಹೋಗುತ್ತದೆ. ಇದನ್ನು ತಡೆಯಲೆಂದೇ, ಬೇರಿಂಗ್ ಒಂದರಲ್ಲಿ 20 ಗಂಟೆ ಕಾಲ ಎಣ್ಣೆಯನ್ನು ಅರೆದ ಮೇಲೂ ಅದು ತನ್ನ ದರ್ಜೆಯ ಕನಿಷ್ಠ ಮಿತಿಯ ಮೇಲಿರಬೇಕು ಎಂಬ ನಿಯಮವನ್ನು ಜೆ306ಕ್ಕೆ ಸೇರಿಸಲಾಗಿದೆ. ಚಳಿನಾಡಿನಲ್ಲಿ ಸಿಂಥೆಟಿಕ್ ಎಣ್ಣೆಗೆ ಹೆಚ್ಚು ಬೆಲೆ ಕೊಡುವುದು ನಿಜಕ್ಕೂ ತಕ್ಕ ಖರ್ಚು.

ಸ್ನಿಗ್ಧತೆಯಷ್ಟೇ ಮುಖ್ಯವಾದ, ಅದಕ್ಕಿಂತ ಹೆಚ್ಚಾಗಿ ಎಡವುವ ವಿಷಯ ಎಣ್ಣೆಯ ರಾಸಾಯನಿಕ ದರ್ಜೆ. ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ನಿಗದಿಪಡಿಸಿದ ಜಿಎಲ್-4 ಮತ್ತು ಜಿಎಲ್-5 ಎಂಬ ಗುರುತುಗಳನ್ನು ಅನೇಕರು ಹಳೆಯದು ಮತ್ತು ಹೊಸದು, ಅಥವಾ ಸಾಧಾರಣ ಮತ್ತು ಉತ್ತಮ ಎಂದು ಓದಿಕೊಳ್ಳುತ್ತಾರೆ, ಅದು ಸರಿಯಲ್ಲ. ಪ್ಯಾಕರ್ಡ್ ಕಂಪನಿ 1926ರಲ್ಲಿ ಹೈಪಾಯ್ಡ್ ಎಂಬ ಬಗೆಯ ಆಕ್ಸಲ್ ಗೇರನ್ನು ಬಳಕೆಗೆ ತಂದ ಮೇಲೆ, ಹಲ್ಲುಗಳು ಉರುಳುವುದರ ಜೊತೆಗೆ ಉದ್ದಕ್ಕೂ ಜಾರುವ ಆ ವಿನ್ಯಾಸದಲ್ಲಿ ಸಾದಾ ಎಣ್ಣೆಯ ಪದರ ನಿಲ್ಲದಾಯಿತು. ಆಗ ಗಂಧಕ ಮತ್ತು ರಂಜಕದ ಸಂಯುಕ್ತಗಳನ್ನು ಬೆರೆಸುವ ಪದ್ಧತಿ ಬೆಳೆಯಿತು. ವಿಪರೀತ ಒತ್ತಡ ಮತ್ತು ಬಿಸಿಯಲ್ಲಿ ಈ ಸಂಯುಕ್ತಗಳು ಉಕ್ಕಿನೊಡನೆ ವರ್ತಿಸಿ ತೆಳುವಾದ ಕಾಪು ಲೇಪವೊಂದನ್ನು ಕಟ್ಟುತ್ತವೆ. ನಮ್ಮ ಗ್ಯಾರೇಜುಗಳಲ್ಲಿ ಇಪಿ 90 ಎನ್ನುವಾಗಿನ ಇಪಿ ಎಂಬ ಅಕ್ಷರಗಳು ಸೂಚಿಸುವುದು ಈ ಗುಣವನ್ನೇ, ಗೇರ್ ಎಣ್ಣೆಯ ತೀಕ್ಷ್ಣ ವಾಸನೆ ಬರುವುದೂ ಅದೇ ಗಂಧಕದಿಂದ. ಜಿಎಲ್-5 ಹೈಪಾಯ್ಡ್ ಆಕ್ಸಲ್‌ಗಾಗಿ ಇರುವುದು, ಅದರಲ್ಲಿ ಈ ಸಂಯುಕ್ತಗಳ ಪ್ರಮಾಣ ಜಿಎಲ್-4ರದಕ್ಕಿಂತ ಸುಮಾರಾಗಿ ಎರಡು ಪಟ್ಟು.

ಉಕ್ಕಿಗೆ ಒಳಿತಾದದ್ದು ಸಿಂಕ್ರೊ ರಿಂಗಿಗೆ ಒಳಿತಾಗಬೇಕೆಂದಿಲ್ಲ. ಗಂಧಕದ ಕ್ರಿಯಾಶೀಲ ರೂಪಗಳು ತಾಮ್ರದ ಮಿಶ್ರಲೋಹವನ್ನು ಕಪ್ಪಾಗಿಸಿ ಕೊರೆಯಬಲ್ಲವು. ಅದಲ್ಲದೆ ಹೆಚ್ಚು ಜಾರುವ ಲೇಪದಿಂದ ರಿಂಗಿನ ಹಿಡಿತ ಸಡಿಲವಾಗಿ, ಎಣ್ಣೆ ತೆಳುವಾಗಿದ್ದರೂ ಗೇರ್ ಕರಕರಗುಟ್ಟಬಹುದು. ಚಳಿಗೆಂದು ದುಬಾರಿ 75ಡಬ್ಲ್ಯು-90 ತಂದು ಹಾಕಿದ ಮೇಲೂ ಎರಡನೆಯ ಗೇರ್ ಇನ್ನಷ್ಟು ಹಟ ಮಾಡಿತು ಎನ್ನುವ ದೂರುಗಳಲ್ಲಿ ಅನೇಕವು ಜಿಎಲ್-4 ಬೇಡುವ ಪೆಟ್ಟಿಗೆಗೆ ಜಿಎಲ್-5 ಹಾಕಿದ ಪರಿಣಾಮಗಳೇ. ಕೆಲವು ಡಬ್ಬಿಗಳ ಮೇಲೆ ಜಿಎಲ್-4/5 ಎಂಬ ಜೋಡಿ ಗುರುತಿರುತ್ತದೆ, ಅಂಥವನ್ನು ಕೊಳ್ಳುವಾಗ ವಿವರಪತ್ರದಲ್ಲಿ ತಾಮ್ರದ ಪಟ್ಟಿಯ ಪರೀಕ್ಷೆಯ ಫಲಿತಾಂಶವನ್ನು ನೋಡಬೇಕು: ಹೊಳಪಿನ ತಾಮ್ರದ ಪಟ್ಟಿಯನ್ನು ಬಿಸಿ ಎಣ್ಣೆಯಲ್ಲಿ ಕೆಲವು ಗಂಟೆ ಅದ್ದಿಟ್ಟು, ಅದು ಎಷ್ಟು ಬಣ್ಣಗೆಟ್ಟಿತು ಎಂಬುದನ್ನು 1ರಿಂದ 4ರವರೆಗಿನ ಅಂಕಿಯಲ್ಲಿ ಹೇಳುವ ಈ ಪರೀಕ್ಷೆಯಲ್ಲಿ 1 ಎಂದರೆ ತಾಮ್ರ ಹೆಚ್ಚುಕಡಿಮೆ ಇದ್ದಂತೆಯೇ ಇದೆ ಎಂದರ್ಥ. ಆದರೆ ಜಿಎಲ್-5 ಎಲ್ಲ ಗೇರ್‌ಬಾಕ್ಸ್‌ಗಳಿಗೂ ವಿಷ ಎಂದು ಸಾರುವುದೂ ಅಷ್ಟೇ ತಪ್ಪು. ಎಂಜಿನನ್ನು ಉದ್ದಕ್ಕೆ ಕೂರಿಸಿ, ಹೈಪಾಯ್ಡ್ ಗೇರನ್ನೂ ಸಿಂಕ್ರೊ ರಿಂಗ್‌ಗಳನ್ನೂ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಎಣ್ಣೆಯಲ್ಲಿ ಇರಿಸುವ ಸುಬಾರು ಕಾರುಗಳಲ್ಲಿ ತಯಾರಕರೇ ಜಿಎಲ್-5 ಹೇಳುತ್ತಾರೆ, ಅಲ್ಲಿ ಜಿಎಲ್-4 ಹಾಕಿದರೆ ಹೈಪಾಯ್ಡ್ ಹಲ್ಲುಗಳಿಗೆ ಅಪಾಯ. ಎಂಜಿನ್ ಅಡ್ಡಲಾಗಿ ಕೂತ ಸಾಮಾನ್ಯ ಮುಂಚಕ್ರ ಚಾಲನೆಯ ಕಾರುಗಳಲ್ಲಿ ಹೈಪಾಯ್ಡ್ ಇರುವುದಿಲ್ಲವಾದ್ದರಿಂದ ಜಿಎಲ್-4 ಸಾಕು.

ಇನ್ನು ಕೆಲವು ಗೇರ್‌ಬಾಕ್ಸ್‌ಗಳು ಈ ಎರಡು ದರ್ಜೆಗಳ ಹೊರಗೇ ನಿಲ್ಲುತ್ತವೆ. 1980ರ ದಶಕದ ಫೋರ್ಡ್ ಮಸ್ಟಾಂಗ್‌ನಲ್ಲಿದ್ದ ಬೋರ್ಗ್-ವಾರ್ನರ್ ಟಿ-5 ಗೇರ್‌ಬಾಕ್ಸ್‌ನ ಸುಧಾರಿತ ರೂಪಕ್ಕೆ ಆಟೊಮ್ಯಾಟಿಕ್ ಗೇರ್‌ಬಾಕ್ಸ್‌ನ ತೆಳು ಎಣ್ಣೆಯನ್ನೇ ವಿಧಿಸಲಾಗಿತ್ತು, ಏಕೆಂದರೆ ಅದರ ರಿಂಗ್‌ಗಳಿಗೆ ನಾರಿನ ಅಸ್ತರಿ ಇದ್ದು ದಪ್ಪ ಗೇರ್ ಎಣ್ಣೆ ಅವಕ್ಕೆ ಒಗ್ಗುತ್ತಿರಲಿಲ್ಲ. ಹೋಂಡಾ ತನ್ನ ಮ್ಯಾನುಯಲ್ ಕಾರುಗಳಲ್ಲಿ ಬಹುಕಾಲ ಎಂಜಿನ್ ಎಣ್ಣೆಯನ್ನೇ ಬಳಸಲು ಹೇಳಿ, ಅನಂತರ ತನ್ನದೇ ಎಂಟಿಎಫ್ ಎಂಬ ಎಣ್ಣೆಗೆ ಬಂತು. ಡೆಕ್ಸ್‌ರಾನ್-3 ಎಂಬ ಆಟೊಮ್ಯಾಟಿಕ್ ಎಣ್ಣೆ ಮೈನಸ್ 40ರಲ್ಲೂ 20,000 ಸೆಂಟಿಪಾಯ್ಸ್ ಮೀರಬಾರದೆಂಬ ನಿಯಮವಿತ್ತು ಎಂಬುದನ್ನು ಗೇರ್ ಎಣ್ಣೆಯ ಒಂದೂವರೆ ಲಕ್ಷದೊಡನೆ ಇಟ್ಟು ನೋಡಿದರೆ, ಚಳಿನಾಡಿನ ಚಾಲಕರು ಅದರತ್ತ ಆಸೆಗಣ್ಣು ಹಾಯಿಸುವುದು ಅರ್ಥವಾಗುತ್ತದೆ. ಆದರೆ ಕೈಪಿಡಿ ಹೇಳದ ಗೇರ್‌ಬಾಕ್ಸ್‌ಗೆ ಅದನ್ನು ಸುರಿಯುವುದು ದುಡುಕು. ಬಿಸಿಯಾದಾಗ ಆ ಎಣ್ಣೆ 7-8 ಸೆಂಟಿಸ್ಟೋಕ್‌ಗೆ ಇಳಿಯುತ್ತದೆ, 90ರ ದರ್ಜೆಗೆಂದು ಕಟ್ಟಿದ ಹಲ್ಲು ಮತ್ತು ಬೇರಿಂಗ್‌ಗಳಿಗೆ ಅದು ಸಾಕಷ್ಟು ಕಾಪು ಕೊಡದು.

ಹೀಗಾಗಿ ತೆಳುಗೊಳಿಸುವುದಕ್ಕೂ ಮಿತಿಯಿದೆ, ಆ ಮಿತಿಯನ್ನು ಹೇಳುವುದು ಬಿಸಿಯ ಅಂಕಿ. ಕೈಪಿಡಿ 80ಡಬ್ಲ್ಯು-90 ಎಂದರೆ ಅದೇ ಜಿಎಲ್ ದರ್ಜೆಯ 75ಡಬ್ಲ್ಯು-90ಕ್ಕೆ ಹೋಗುವುದು ನಿರಪಾಯದ ಹೆಜ್ಜೆ, ಏಕೆಂದರೆ ಬಿಸಿಯಲ್ಲಿ ಕಾಪು ಅಷ್ಟೇ ಉಳಿದು ಚಳಿಯಲ್ಲಿ ಮಾತ್ರ ಹಗುರವಾಗುತ್ತದೆ. ಮಜ್ದಾ ಎಂಎಕ್ಸ್-5ರ ಮೊದಲ ತಲೆಮಾರಿನ ಕೈಪಿಡಿಯಲ್ಲಿ ಎಲ್ಲ ಕಾಲಕ್ಕೂ 75ಡಬ್ಲ್ಯು-90, ಉಷ್ಣತೆ 10 ಡಿಗ್ರಿಯ ಮೇಲಿದ್ದರೆ 80ಡಬ್ಲ್ಯು-90 ಆದೀತು ಎಂದು ಬಿಡಿಸಿ ಹೇಳಿತ್ತು. ಅಷ್ಟರಿಂದಲೂ ಬಿಗಿತ ಹೋಗದಿದ್ದರೆ, ಹಗುರವಾಗಿ ಓಡುವ ಕಾರಿಗೆ, ಕೈಪಿಡಿಯ ಅನುಮತಿಯಿದ್ದಲ್ಲಿ 75ಡಬ್ಲ್ಯು-85 ಅಥವಾ 75ಡಬ್ಲ್ಯು-80ಕ್ಕೆ ಇಳಿಯಬಹುದು. ಭಾರ ಎಳೆಯುವ, ಬಿಸಿನಾಡಿನಲ್ಲಿ ಓಡುವ ವಾಹನಕ್ಕೆ ಇದು ಸಲ್ಲದು. ಶಿರಾಡಿ ಅಥವಾ ಚಾರ್ಮಾಡಿ ಘಾಟಿಯಲ್ಲಿ ತುಂಬಿದ ಗಾಡಿ ಎರಡನೆಯ ಗೇರಿನಲ್ಲಿ ಏದುಸಿರು ಬಿಡುತ್ತ ಏರುವಾಗ ಎಣ್ಣೆಯ ಮುಂದಿರುವ ಸವಾಲು ಬಿಸಿಯದ್ದು, ಚಳಿಯದ್ದಲ್ಲ. ಕರ್ನಾಟಕದ ಹೆಚ್ಚಿನ ವಾಹನಗಳು ತಯಾರಕರು ಹೇಳಿದ ಎಣ್ಣೆಯಲ್ಲೇ ನಿಶ್ಚಿಂತೆಯಾಗಿರಬಹುದು. ಬೀದರ್ ಕಡೆಯ ಡಿಸೆಂಬರ್ ಬೆಳಗಿನಲ್ಲಿ 85ಡಬ್ಲ್ಯು-140 ತುಂಬಿದ ಹಳೆಯ ಲಾರಿಯ ಗೇರ್ ಕೊಂಚ ಮೊಂಡಾಡಿದರೂ ಒಂದೆರಡು ಕಿಲೋಮೀಟರಿನಲ್ಲಿ ಅದು ಸರಿಹೋಗುತ್ತದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆ ನಿಜವಾಗಿ ಎದುರಾಗುವುದು ಲಡಾಖ್‌ನಲ್ಲಿ. ಲೇಹ್‌ನ ಜನವರಿ ರಾತ್ರಿಗಳು ಮೈನಸ್ 15ರ ಆಸುಪಾಸಿಗೆ ಇಳಿಯುತ್ತವೆ, ದ್ರಾಸ್‌ನಲ್ಲಿ ಚಳಿ ಅದಕ್ಕಿಂತಲೂ ಕಟು. ಡೀಸೆಲ್ ಹೆಪ್ಪುಗಟ್ಟುವ ತೊಂದರೆಗೆ ಇಂಡಿಯನ್ ಆಯಿಲ್ 2019ರ ನವೆಂಬರ್‌ನಲ್ಲಿ ಮೈನಸ್ 33 ಡಿಗ್ರಿಯವರೆಗೂ ಹರಿಯುವ ವಿಶೇಷ ಚಳಿಗಾಲದ ಡೀಸೆಲ್ ತಂದು ಪರಿಹಾರ ಒದಗಿಸಿತು; ಗೇರ್‌ಬಾಕ್ಸ್‌ನಲ್ಲಿರುವ ಎಣ್ಣೆ ಮಾತ್ರ ಬಯಲುಸೀಮೆಯಲ್ಲಿ ತುಂಬಿಸಿಕೊಂಡು ಹೋದದ್ದೇ ಆಗಿರುತ್ತದೆ. ಅಲ್ಲಿಗೆ 85ಡಬ್ಲ್ಯು ದರ್ಜೆ ಬೇರಿಂಗ್‌ನ ಮಟ್ಟಿಗೂ ಸಾಲದು, 80ಡಬ್ಲ್ಯು ಬೇರಿಂಗನ್ನು ಉಳಿಸಿದರೂ ಗೇರನ್ನು ಹಗುರ ಮಾಡದು, 75ಡಬ್ಲ್ಯು ಸಿಂಥೆಟಿಕ್ ಎರಡನ್ನೂ ನಿಭಾಯಿಸುತ್ತದೆ. ಜನವರಿಯ ರಾತ್ರಿಗಳು ಮೈನಸ್ 20ರ ಆಸುಪಾಸಿನಲ್ಲಿರುವ ಕೆನಡಾದ ವಿನಿಪೆಗ್‌ನಂಥ ಊರುಗಳಲ್ಲಿ ನೆಲೆಸಿ ಮ್ಯಾನುಯಲ್ ಕಾರಿನ ಪ್ರೀತಿ ಬಿಡದ ಕನ್ನಡಿಗರು ಇನ್ನೊಂದು ಅಂಶವನ್ನೂ ಗಮನಿಸಬೇಕು: ಅಲ್ಲಿ ರಾತ್ರಿ ವಿದ್ಯುತ್ತಿಗೆ ಸಿಕ್ಕಿಸುವ ಬ್ಲಾಕ್ ಹೀಟರ್ ಎಂಜಿನನ್ನು ಬೆಚ್ಚಗಿಡುತ್ತದೆ, ಗೇರ್‌ಬಾಕ್ಸನ್ನಲ್ಲ. ಗೇರ್ ಎಣ್ಣೆ ಬಿಸಿಯಾಗುವುದು ಮುಖ್ಯವಾಗಿ ತನ್ನೊಳಗಿನ ಕಡೆತದಿಂದ, ಅದಕ್ಕೆ ಕಾರು ಓಡಲೇಬೇಕು. ಎಂಜಿನ್ ಚಾಲೂ ಮಾಡಿ, ನ್ಯೂಟ್ರಲ್‌ನಲ್ಲಿ ಕ್ಲಚ್ ಪೆಡಲಿನಿಂದ ಕಾಲು ತೆಗೆದು ಒಂದೆರಡು ನಿಮಿಷ ಬಿಟ್ಟರೆ ಒಳಗಿನ ಶಾಫ್ಟ್‌ಗಳು ತಿರುಗಿ ಎಣ್ಣೆ ಸ್ವಲ್ಪ ಕಲಕುತ್ತದೆ. ಪೆಡಲ್ ಒತ್ತಿಯೇ ಹಿಡಿದರೆ ಅಷ್ಟೂ ಆಗುವುದಿಲ್ಲ. ಮೊದಲ ಕಿಲೋಮೀಟರ್‌ಗಳಲ್ಲಿ ಲಿವರನ್ನು ನೂಕದೆ, ಹಗುರವಾಗಿ ಒತ್ತಿ ಹಿಡಿದು ರಿಂಗಿಗೆ ಕೆಲಸ ಮಾಡಲು ಕಾಲಾವಕಾಶ ಕೊಡಬೇಕು.

ಎಣ್ಣೆ ಬದಲಿಸಲು ಹೊರಡುವ ಮುನ್ನ ತಪ್ಪು ಎಣ್ಣೆಯದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಎಂಜಿನ್ ನಿಲ್ಲಿಸಿ ಎಲ್ಲ ಗೇರ್‌ಗಳಿಗೂ ಹಾಕಿ ನೋಡಿದಾಗ ಸಲೀಸಾಗಿ ಬಿದ್ದು, ಎಂಜಿನ್ ಓಡುವಾಗ ಮಾತ್ರ ಬಿಗಿದರೆ, ರಿವರ್ಸ್ ಹಾಕುವಾಗಲೂ ಕರಕರ ಎಂದರೆ, ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದು ಅನುಮಾನಿಸಬೇಕು. ದ್ರವದಿಂದ ನಡೆಯುವ ಕ್ಲಚ್‌ನಲ್ಲಿ ಬಳಸುವ ಬ್ರೇಕ್ ಆಯಿಲ್ ಕೂಡ ಚಳಿಗೆ ಗಟ್ಟಿಯಾಗುತ್ತದೆ: ಮೈನಸ್ 40ರಲ್ಲಿ ಡಾಟ್-4 ದರ್ಜೆಗೆ 1,800 ಸೆಂಟಿಸ್ಟೋಕ್‌ವರೆಗೆ ಅನುಮತಿಯಿದ್ದರೆ ಡಾಟ್-5.1ಕ್ಕೆ 900 ಮಾತ್ರ, ಗಾಳಿಯ ತೇವ ಹೀರಿದ ಹಳೆಯ ದ್ರವ ಇನ್ನೂ ಕೆಡುತ್ತದೆ. ಎಂಜಿನ್ ನಿಂತಾಗಲೂ ಲಿವರ್ ಬಿಗಿಯಾಗಿದ್ದರೆ ಲಿವರಿನಿಂದ ಪೆಟ್ಟಿಗೆಗೆ ಹೋಗುವ ಕೇಬಲ್‌ನೊಳಗೆ ನೀರು ಸೇರಿ ಹೆಪ್ಪುಗಟ್ಟಿರಬಹುದು, ಕೀಲುಗಳ ಗ್ರೀಸ್ ಗಟ್ಟಿಯಾಗಿರಬಹುದು. ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಬಿಗಿತ ತಾನಾಗಿ ಕರಗಿದರೆ ಮಾತ್ರ ಎಣ್ಣೆಯ ಮೇಲೆ ಹೊರಿಸುವುದು ನ್ಯಾಯ.

ಬದಲಿಸುವಾಗ ಪಾಲಿಸಬೇಕಾದ ಒಂದು ಕ್ರಮವನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆ: ಎಣ್ಣೆ ತುಂಬುವ ತಿರುಪನ್ನು ಮೊದಲು ಬಿಚ್ಚಿ, ಅದು ಬಿಚ್ಚಿಕೊಂಡ ಮೇಲೆಯೇ ಕೆಳಗಿನ ತಿರುಪನ್ನು ತೆಗೆಯಬೇಕು, ಇಲ್ಲವಾದರೆ ಎಣ್ಣೆಯೆಲ್ಲ ಸುರಿದುಹೋದ ಮೇಲೆ ತುಂಬುವ ದಾರಿ ತುಕ್ಕು ಹಿಡಿದು ಕೂತಿರುವುದು ಗೊತ್ತಾಗಿ ವಾಹನ ಅಲ್ಲಿಯೇ ನಿಲ್ಲುತ್ತದೆ. ಸ್ವಲ್ಪ ಓಡಿಸಿ ಬೆಚ್ಚಗಾದ ಎಣ್ಣೆ ಪೂರ್ತಿ ಇಳಿಯುತ್ತದೆ. ವಾಹನವನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಪಕ್ಕದ ತೂತಿನಿಂದ ತುಳುಕುವವರೆಗೆ ಹೊಸದನ್ನು ತುಂಬಿ, ಹೊಸ ವಾಷರ್ ಹಾಕಿ ಮುಚ್ಚಬೇಕು. ಘರ್ಷಣೆ ತಗ್ಗಿಸುತ್ತೇವೆಂದು ಮಾರುವ ಮಾಲಿಬ್ಡಿನಂ ಅಥವಾ ಟೆಫ್ಲಾನ್ ಪುಡಿಯ ಬೆರಕೆಗಳನ್ನು ಸೇರಿಸಬಾರದು, ಅವು ತಗ್ಗಿಸುವ ಘರ್ಷಣೆಯೇ ಸಿಂಕ್ರೊ ರಿಂಗಿನ ಬಲ. ಕೆಳಗಿನ ತಿರುಪಿನಲ್ಲಿರುವ ಅಯಸ್ಕಾಂತಕ್ಕೆ ಬೂದುಬಣ್ಣದ ನಯವಾದ ಲೇಹ್ಯದಂಥ ಪುಡಿ ಅಂಟಿದ್ದರೆ ಅದು ಸಹಜ ಸವೆತ, ಚೂರುಗಳಿದ್ದರೆ ಹಲ್ಲು ಮುರಿದಿದೆ. ಹಿತ್ತಾಳೆಯನ್ನು ಅಯಸ್ಕಾಂತ ಹಿಡಿಯುವುದಿಲ್ಲ, ಆದ್ದರಿಂದ ಇಳಿಸಿದ ಎಣ್ಣೆಯನ್ನು ಬಿಸಿಲಿನಲ್ಲಿ ಓರೆಯಾಗಿ ಹಿಡಿದು ಹೊಂಬಣ್ಣದ ಮಿನುಗನ್ನು ಹುಡುಕಬೇಕು. ಅದು ಧಾರಾಳವಾಗಿ ಕಂಡುಬಂದು, ಹೊಸ ಎಣ್ಣೆ ಹಾಕಿದ ಮೇಲೆ ಬಿಸಿಯಾದ ಗೇರ್‌ಬಾಕ್ಸ್‌ನಲ್ಲೂ ಎರಡನೆಯ ಗೇರ್ ಕರಕರ ಎನ್ನುತ್ತಿದ್ದರೆ ರಿಂಗಿನ ಗೀರುಗಳೇ ಸವೆದುಹೋಗಿವೆ, ಅಂಥ ಪೆಟ್ಟಿಗೆಯನ್ನು ಇಳಿಸಿ ಬಿಚ್ಚಿ ರಿಂಗ್ ಬದಲಿಸುವುದಲ್ಲದೆ ಬೇರೆ ದಾರಿಯಿಲ್ಲ.